ಬಾಗಿದ ಕನೆಕ್ಟಿಂಗ್ ರಾಡಿನ ಸಾಕ್ಷ್ಯ

2022ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನ ಮೇಲೆ ಸುರಿದ ಮಳೆಯನ್ನು ನಮ್ಮ ವಾಚಕರಲ್ಲಿ ಅನೇಕರು ಮರೆತಿರಲಾರರು. ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಇವುಗಳ ಆಸುಪಾಸಿನಲ್ಲಿ ನೀರು ನಿಂತು, ಗಣಕಯಂತ್ರಗಳ ಮುಂದೆ ಕೆಲಸ ಮಾಡುವ ಉದ್ಯೋಗಸ್ಥರು ಟ್ರ್ಯಾಕ್ಟರನ್ನೇರಿ ಕಚೇರಿಗೆ ಹೋಗಬೇಕಾಯಿತು. ನೆಲಮಾಳಿಗೆಗಳಲ್ಲಿಯೂ ಬೀದಿಗಳಲ್ಲಿಯೂ ನಿಂತಿದ್ದ ಎಷ್ಟೋ ಕಾರುಗಳು ಮುಳುಗಿದುವು. ಮುಳುಗಿದ ಕಾರು ಸುಮ್ಮನೆ ನಿಂತಿದ್ದರೆ ಎಂಜಿನ್ನಿನ ಒಳಗಿನ ಉಕ್ಕಿನ ಭಾಗಗಳು ಅಷ್ಟಕ್ಕೇ ಬಾಗುವುದಿಲ್ಲ. ನೀರಿನಲ್ಲಿ ಓಡಿಸಿದಾಗ, ಅಥವಾ ನೀರಿಳಿದ ಕೂಡಲೆ ಆತುರದಿಂದ ಚಾಲೂ ಮಾಡಿದಾಗ, ಒಳಗೆ ಒಂದು ಪೆಟ್ಟು ಬೀಳುತ್ತದೆ. ಆ ಪೆಟ್ಟನ್ನು ತಿನ್ನುವುದು ಬಹುಮಟ್ಟಿಗೆ ಕನೆಕ್ಟಿಂಗ್ ರಾಡು.

ಕೆಟ್ಟ ರಾಡನ್ನು ತೆಗೆದು ಬೇರೊಂದನ್ನು ಹಾಕಿಬಿಟ್ಟರೆ ರಿಪೇರಿ ಮುಗಿಯಿತೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಬಾಗಿದ್ದನ್ನು ಬಡಿದು ನೇರಮಾಡಿ ಮತ್ತೆ ಹಾಕುವವರೂ ಉಂಟು. ಇದಕ್ಕೆ ವಿರುದ್ಧವಾಗಿ, ಒಂದು ರಾಡು ಬಾಗಿದರೆ ಇಡೀ ಎಂಜಿನ್ನನ್ನೇ ಬದಲಾಯಿಸಬೇಕೆಂದು ಹೇಳುವ ದೊಡ್ಡ ಸರ್ವಿಸ್ ಕೇಂದ್ರಗಳೂ ಇವೆ. ಈ ಮೂರು ಮಾರ್ಗಗಳಲ್ಲಿಯೂ ಒಂದೇ ಕೊರತೆ ನಮಗೆ ಕಾಣುತ್ತದೆ: ಯಾರೂ ಅಳೆದು ನೋಡುವುದಿಲ್ಲ, ರಾಡು ಏಕೆ ಕೆಟ್ಟಿತೆಂದು ಕೇಳುವುದಿಲ್ಲ. ಈ ಕೊರತೆಯನ್ನು ಕುರಿತು ವಿದ್ಯಾರ್ಥಿಗಳೊಡನೆ ನಾಲ್ಕು ಮಾತನಾಡುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.

ಮೊದಲು ಈ ರಾಡು ಮಾಡುವ ಕೆಲಸವನ್ನು ತಿಳಿಯೋಣ. ಸಿಲಿಂಡರಿನಲ್ಲಿ ಮೇಲಕ್ಕೂ ಕೆಳಕ್ಕೂ ಆಡುವ ಪಿಸ್ಟನ್ನನ್ನು, ಸುತ್ತುವ ಕ್ರ್ಯಾಂಕ್ ಷಾಫ್ಟಿಗೆ ಸೇರಿಸುವ ಉಕ್ಕಿನ ದಂಡವೇ ಕನೆಕ್ಟಿಂಗ್ ರಾಡು. ಅದರ ಸಣ್ಣ ತುದಿ ಪಿಸ್ಟನ್ನಿನ ಒಳಗಿನ ಪಿನ್ನನ್ನು ಹಿಡಿದಿರುತ್ತದೆ. ದೊಡ್ಡ ತುದಿ ಎರಡು ಹೋಳಾಗಿ ಕ್ರ್ಯಾಂಕಿನ ಪಿನ್ನನ್ನು ತಬ್ಬಿಕೊಂಡು, ಎರಡು ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಆ ಹೋಳುಗಳಲ್ಲಿ ಬಿಡಿಯಾಗಿರುವುದಕ್ಕೆ ಕ್ಯಾಪು ಎಂದು ಹೆಸರು. ಇವುಗಳ ನಡುವೆ ಅರ್ಧಚಂದ್ರಾಕಾರದ ಎರಡು ಬೇರಿಂಗ್ ಚಿಪ್ಪುಗಳು, ಚಿಪ್ಪಿಗೂ ಪಿನ್ನಿಗೂ ನಡುವೆ ಮಿಲಿಮೀಟರಿನ ನೂರನೆಯ ಕೆಲವೇ ಪಾಲಿನಷ್ಟು ದಪ್ಪದ ಎಣ್ಣೆಯ ಪದರ. ಈ ಎಣ್ಣೆಯ ಪದರವಿರುವ ತನಕ ಲೋಹಕ್ಕೆ ಲೋಹ ತಗಲುವುದಿಲ್ಲ.

ರಾಡನ್ನು ಅಡ್ಡಲಾಗಿ ಕೊಯ್ದರೆ ಕೊಯ್ದ ಮುಖ ಇಂಗ್ಲಿಷಿನ ಐ ಅಕ್ಷರದಂತೆ ಕಾಣುವುದು. ಇದು ಉಕ್ಕನ್ನು ಉಳಿಸುವ ಜಿಪುಣತನವೆಂದು ತಿಳಿಯಬಾರದು. ಎರಡು ತುದಿಗಳಿಂದ ಒತ್ತಿದಾಗ ಉದ್ದವಾದ ದಂಡವು ಜಜ್ಜಿಹೋಗುವುದಕ್ಕೆ ಮುಂಚೆ ಪಕ್ಕಕ್ಕೆ ಬಾಗಿಬಿಡುತ್ತದೆಂಬುದನ್ನು 1744ರಲ್ಲಿಯೇ ಆಯ್ಲರ್ ಎಂಬ ಗಣಿತಜ್ಞನು ಲೆಕ್ಕಹಾಕಿ ತೋರಿಸಿದನು. ಕನೆಕ್ಟಿಂಗ್ ರಾಡು ತೂಗಾಡುವ ದಿಕ್ಕಿನಲ್ಲಿ ಅದರ ಎರಡು ತುದಿಗಳೂ ಕೀಲಿನಂತೆ ಸಡಿಲ. ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ತುದಿಗಳು ಪಿನ್ನುಗಳ ಉದ್ದಕ್ಕೂ ಹಿಡಿದಿರುವುದರಿಂದ ಗೋಡೆಯಲ್ಲಿ ನೆಟ್ಟಂತೆ ಬಿಗಿ. ಬಿಗಿಯಾದ ದಿಕ್ಕಿನಲ್ಲಿ ದಂಡವು ಬಾಗುವುದಕ್ಕೆ ನಾಲ್ಕರಷ್ಟು ಬಲ ಬೇಕು. ಆದುದರಿಂದ ಉಕ್ಕನ್ನು ಹಂಚುವಾಗ ಸಡಿಲವಾದ ದಿಕ್ಕಿಗೆ ಹೆಚ್ಚು ಪಾಲು ಕೊಟ್ಟರೆ ಎರಡು ದಿಕ್ಕುಗಳೂ ಸರಿಸಮವಾಗುತ್ತವೆ. ಕಾಲೇಜಿನ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಈ ಛೇದದ ಎತ್ತರ ಐದು ಪಾಲು, ಅಗಲ ನಾಲ್ಕು ಪಾಲು, ದಪ್ಪ ಒಂದು ಪಾಲು ಎಂದು ಕೊಟ್ಟಿರುವುದು ಇದೇ ಕಾರಣದಿಂದ. ಲೆಕ್ಕವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ನಿಜವಾದ ರಾಡೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದಾನೆಯೇ ಎಂಬುದು ಬೇರೆ ಪ್ರಶ್ನೆ.

ಈಗ ಒಂದು ಎಂಜಿನ್ನನ್ನು ಊಹಿಸಿಕೊಳ್ಳೋಣ. ಸಿಲಿಂಡರಿನ ವ್ಯಾಸ 75 ಮಿಲಿಮೀಟರು. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಸರಿಯುವ ದೂರ 80 ಮಿಲಿಮೀಟರು. ನಾಲ್ಕು ಸಿಲಿಂಡರುಗಳಿದ್ದರೆ ಇದು ನಮ್ಮ ರಸ್ತೆಗಳಲ್ಲಿ ಓಡುವ ಸುಮಾರು 1,400 ಘನ ಸೆಂಟಿಮೀಟರಿನ ಸಾಧಾರಣ ಕಾರು. ಅದು ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟಿ ಹಿಂದಿರುಗುವ ಕ್ಷಣದಲ್ಲಿ ಅದರ ವೇಗೋತ್ಕರ್ಷವು ಭೂಮಿಯ ಗುರುತ್ವಾಕರ್ಷಣೆಯ ಸುಮಾರು ಎರಡು ಸಾವಿರದಷ್ಟಾಗುತ್ತದೆ. ಪಿಸ್ಟನ್ನು, ಪಿನ್ನು, ರಿಂಗುಗಳು, ರಾಡಿನ ಮೇಲಿನ ಭಾಗ ಎಲ್ಲವೂ ಸೇರಿ ಅರ್ಧ ಕಿಲೋಗ್ರಾಮಿದ್ದರೆ, ಆ ಅರ್ಧ ಕಿಲೋಗ್ರಾಮು ರಾಡನ್ನು ಒಂದು ಟನ್ ತೂಕದಷ್ಟು ಬಲದಿಂದ ಮೇಲಕ್ಕೆ ಎಳೆಯುತ್ತದೆ. ಸುಟ್ಟ ಅನಿಲವನ್ನು ಹೊರಗೆ ನೂಕಿ ಮುಗಿಸುವಾಗ ಈ ಎಳೆತವನ್ನು ತಡೆಯುವುದಕ್ಕೆ ಅನಿಲದ ಒತ್ತಡವೂ ಇರುವುದಿಲ್ಲ. ಹೀಗೆ ಸೆಕೆಂಡಿಗೆ ಐವತ್ತು ಸಲ ಎಳೆತ. ಮಧ್ಯೆ ಮಧ್ಯೆ ಐವತ್ತು ಸಲ, ಪೆಟ್ರೋಲು ಉರಿದಾಗ, ಎರಡು ಟನ್ನಿಗೂ ಮೀರಬಲ್ಲ ಒತ್ತಡ. ನಿಮಿಷಕ್ಕೆ 3,000 ಸುತ್ತಿಗೆ ಇಳಿಸಿದರೆ ಎಳೆತವು ಅರ್ಧವಾಗದೆ ಕಾಲುಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಈ ಬಲವು ವೇಗದ ವರ್ಗವನ್ನು ಅನುಸರಿಸುತ್ತದೆ. ಇದನ್ನು ಬಲ್ಲವನು ಎಂಜಿನ್ನನ್ನು ಸುಮ್ಮಸುಮ್ಮನೆ ಅರಚಿಸುವುದಿಲ್ಲ.

ಇಷ್ಟು ಬಲವನ್ನು ವರ್ಷಗಟ್ಟಲೆ ಸಹಿಸುವ ದಂಡವು ನೀರಿಗೆ ಸೋಲುವುದೇಕೆ? ಮೇಲೆ ಹೇಳಿದ ಸಿಲಿಂಡರಿನಲ್ಲಿ ಪಿಸ್ಟನ್ನು ಸರಿಯುವ ಜಾಗ ಸುಮಾರು 353 ಘನ ಸೆಂಟಿಮೀಟರು. ಒಳಗೆ ಎಳೆದುಕೊಂಡ ಗಾಳಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಅಮುಕುವ ಎಂಜಿನ್ನಾದರೆ, ಪಿಸ್ಟನ್ನು ಮೇಲಕ್ಕೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ 39 ಘನ ಸೆಂಟಿಮೀಟರು ಮಾತ್ರ. ಅಂದರೆ ಮೂರು ದೊಡ್ಡ ಚಮಚೆಗಳ ನೀರು ತುಂಬುವಷ್ಟೂ ಇಲ್ಲ! ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯನ್ನು ಇನ್ನೂ ಹೆಚ್ಚು ಅಮುಕುವುದರಿಂದ ಜಾಗವು ಇದಕ್ಕೂ ಕಡಿಮೆ. ಗಾಳಿ ಅಮುಕಿದಷ್ಟೂ ಕುಗ್ಗುತ್ತದೆ. ನೀರಿನ ಗಾತ್ರವನ್ನು ನೂರಕ್ಕೆ ಒಂದು ಪಾಲು ಕುಗ್ಗಿಸಬೇಕಾದರೂ ವಾಯುಮಂಡಲದ ಒತ್ತಡದ ಇನ್ನೂರು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. ಮೇಲೆ ಕುಗ್ಗದ ನೀರು, ಕೆಳಗೆ ಫ್ಲೈವೀಲಿನ ರಭಸ, ಜೊತೆಗೆ ಪಕ್ಕದ ಸಿಲಿಂಡರುಗಳ ಉರಿತದ ಬಲ. ನಡುವೆ ಸಿಕ್ಕಿದ ರಾಡು ಆಯ್ಲರನ ಮಾತಿನಂತೆ ಪಕ್ಕಕ್ಕೆ ಬಾಗುತ್ತದೆ. ಆದುದರಿಂದಲೇ ನೀರು ಹೊಕ್ಕ ಶಂಕೆಯಿರುವ ಎಂಜಿನ್ನನ್ನು ಚಾಲೂ ಮಾಡಬಾರದು. ಪೆಟ್ರೋಲು ಎಂಜಿನ್ನಾದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದರೆ ನೀರು ಆ ರಂಧ್ರಗಳಿಂದ ಚಿಮ್ಮಿ ಹೊರಬರುತ್ತದೆ. ಹತ್ತು ನಿಮಿಷ ತಾಳ್ಮೆಯಿಂದ ಉಳಿಯುವ ಹಣ ಸಾಮಾನ್ಯವಲ್ಲ. ವಿಮೆಯ ಸಾಧಾರಣ ಪಾಲಿಸಿಗಳು ಈ ಬಗೆಯ ನಷ್ಟವನ್ನು ತುಂಬಿಕೊಡುವುದು ಅಪರೂಪವೆಂಬುದನ್ನೂ, ಎಂಜಿನ್ನಿನ ರಕ್ಷಣೆಗೆ ಬೇರೆಯ ಕಂತು ಕಟ್ಟಬೇಕೆಂಬುದನ್ನೂ ಎಷ್ಟೋ ಮಂದಿ ತಿಳಿದದ್ದು ನೀರಿಳಿದ ಮೇಲೆಯೇ.

ಬಾಗಿದ ರಾಡನ್ನು ನೇರಮಾಡಬಹುದೇ? ಹಿಂದಿನ ಕಾಲದ ನಿಧಾನ ಗತಿಯ ಎಂಜಿನ್ನುಗಳಲ್ಲಿ ಸ್ವಲ್ಪ ಡೊಂಕಾದ ರಾಡನ್ನು ಚೌಕಟ್ಟಿನಲ್ಲಿ ಹಿಡಿದು ತಿದ್ದುವುದು ಒಪ್ಪಿತವಾದ ಪದ್ಧತಿಯಾಗಿದ್ದಿತು, ಅದಕ್ಕೆಂದೇ ಸಲಕರಣೆಗಳಿದ್ದುವು. ಹಳೆಯ ಮೇಸ್ತ್ರಿಗಳು ಅದನ್ನು ಮಾಡುತ್ತಿದ್ದರೆಂದು ಅವರನ್ನು ಹಳಿಯುವುದು ನ್ಯಾಯವಲ್ಲ. ಆದರೆ ವೇಗವು ಹೆಚ್ಚಿ, ರಾಡು ತೆಳುವಾಗಿ, ಬಲಗಳು ಹಲವು ಮಡಿಯಾಗಿರುವ ಇಂದಿನ ಎಂಜಿನ್ನಿನಲ್ಲಿ ಆ ಪದ್ಧತಿಯನ್ನು ಮುಂದುವರಿಸುವುದನ್ನು ನಾವು ಒಪ್ಪಲಾರೆವು. ಉಕ್ಕನ್ನು ಅದರ ಸ್ಥಿತಿಸ್ಥಾಪಕತ್ವದ ಮಿತಿಯನ್ನು ಮೀರಿ ಒಂದು ದಿಕ್ಕಿಗೆ ಬಾಗಿಸಿದ ಮೇಲೆ, ವಿರುದ್ಧ ದಿಕ್ಕಿನಲ್ಲಿ ಅದು ಮೊದಲಿಗಿಂತ ಕಡಿಮೆ ಬಲಕ್ಕೇ ಸೋಲುತ್ತದೆ. ಜರ್ಮನಿಯ ಬೌಷಿಂಗರ್ ಎಂಬಾತನು ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡುಕೊಂಡ ಈ ಸಂಗತಿಗೆ ಅವನ ಹೆಸರೇ ಉಳಿದಿದೆ. ಬಡಿದು ನೇರಮಾಡಿದ ರಾಡು ಕಣ್ಣಿಗೆ ನೇರವಾಗಿ ಕಂಡರೂ ಒಳಗೆ ಸೆಳೆತಗಳನ್ನು ಹುದುಗಿಸಿಕೊಂಡಿರುತ್ತದೆ. ಸುತ್ತಿಗೆ ಬಿದ್ದ ಜಾಗದಲ್ಲಿ ಕೂದಲಿನಂತಹ ಬಿರುಕು ಇರಲೂಬಹುದು. ತಲೆಗೂದಲಿಗೆ ಸಿಕ್ಕಿಸುವ ತಂತಿಯ ಪಿನ್ನೊಂದನ್ನು ಬಾಗಿಸಿ, ನೇರಮಾಡಿ, ಮತ್ತೆ ಬಾಗಿಸಿ, ಎಷ್ಟನೆಯ ಸಲಕ್ಕೆ ಮುರಿಯುವುದೆಂದು ಎಣಿಸಿ ನೋಡಿದರೆ ವಿಷಯವು ಮನಸ್ಸಿನಲ್ಲಿ ನಿಲ್ಲುತ್ತದೆ.

ಪಿನ್ನು ಹತ್ತಿಪ್ಪತ್ತು ಸಲಕ್ಕೆ ಮುರಿಯಬಹುದು. ಮಿತಿಗಿಂತ ಬಹಳ ಕಡಿಮೆಯಾದ ಬಲವೂ ಲಕ್ಷಾಂತರ ಸಲ ಬಂದರೆ ಉಕ್ಕನ್ನು ಮುರಿಯಬಲ್ಲುದೆಂಬುದು ಅಷ್ಟು ಸುಲಭವಾಗಿ ತಿಳಿದ ಸತ್ಯವಲ್ಲ. 1842ರ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳಿಗೆ ಬೆಂಕಿ ಹತ್ತಿ, ಅನೇಕರು ಪ್ರಾಣ ಬಿಟ್ಟರು. ಚೆನ್ನಾಗಿ ಕಾಣುತ್ತಿದ್ದ ಅಚ್ಚು ಏಕೆ ಮುರಿಯಿತೆಂಬ ಪ್ರಶ್ನೆ ಎಂಜಿನಿಯರುಗಳನ್ನು ಕಾಡಿತು. ಪ್ರಷ್ಯದ ರೈಲ್ವೆಯ ವೋಲರ್ ಎಂಬಾತನು ಹಲವು ವರ್ಷ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿ, ಲೋಹಕ್ಕೂ ದಣಿವುಂಟೆಂಬುದನ್ನು 1870ರ ವೇಳೆಗೆ ಅಂಕಿಗಳಲ್ಲಿ ಸ್ಥಾಪಿಸಿದನು. ನಮ್ಮ ಕಾರು ಒಂದು ಲಕ್ಷ ಕಿಲೋಮೀಟರು ಓಡುವುದರೊಳಗೆ, ಕಿಲೋಮೀಟರಿಗೆ 2,500 ಸುತ್ತಿನಂತೆ ಹಿಡಿದರೂ, ಕ್ರ್ಯಾಂಕು 25 ಕೋಟಿ ಸಲ ಸುತ್ತಿರುತ್ತದೆ. ಬಿರುಕೊಂದನ್ನು ಒಳಗಿಟ್ಟುಕೊಂಡ ರಾಡನ್ನು ಇಂತಹ ಕೆಲಸಕ್ಕೆ ಮತ್ತೆ ಹೂಡುವುದು ಸರಿಯೇ? ಅದು ಮುರಿದಾಗ ಸುಮ್ಮನೆ ನಿಲ್ಲುವುದಿಲ್ಲ. ತುಂಡು ದಂಡವು ಎಂಜಿನ್ನಿನ ಗೋಡೆಯನ್ನೇ ತೂತುಮಾಡಿ ಹೊರಗೆ ಬರುತ್ತದೆ. ಬಿಸಿಯ ಎಣ್ಣೆ ರಸ್ತೆಗೂ, ಉರಿಯುವಷ್ಟು ಕಾದ ಹೊಗೆಕೊಳವೆಗೂ ಚೆಲ್ಲುತ್ತದೆ.

ಹೊಸ ರಾಡನ್ನೇ ಹಾಕಿದ್ದೇವಲ್ಲಾ ಎಂದು ನಿಶ್ಚಿಂತರಾಗುವವರಿಗೂ ಹೇಳತಕ್ಕ ಮಾತುಗಳಿವೆ. ಕ್ಯಾಪು ಅದರದೇ ರಾಡಿಗೆ ಸೇರಿದ್ದು. ಒಂದರ ಕ್ಯಾಪನ್ನು ಇನ್ನೊಂದಕ್ಕೆ ಹಾಕಬಾರದು, ಹಿಂದುಮುಂದಾಗಿಯೂ ಹಾಕಬಾರದು. ಈಚಿನ ಅನೇಕ ಎಂಜಿನ್ನುಗಳಲ್ಲಿ ದೊಡ್ಡ ತುದಿಯನ್ನು ಗರಗಸದಿಂದ ಕೊಯ್ಯದೆ, ಬೇಕೆಂದೇ ಮುರಿದು ಎರಡು ಹೋಳು ಮಾಡುತ್ತಾರೆ. ಒಡೆದ ಮಡಕೆಯ ಎರಡು ಚೂರುಗಳಂತೆ ಆ ಮುರುಕು ಮುಖಗಳು ತಮ್ಮ ಜೋಡಿಯೊಡನೆ ಮಾತ್ರ ಕಚ್ಚಿಕೊಳ್ಳುತ್ತವೆ. ಹೊಸ ರಾಡಿನ ತೂಕ ಉಳಿದ ಮೂರರ ತೂಕದೊಡನೆ ತಯಾರಕರು ಹೇಳಿದ ಕೆಲವೇ ಗ್ರಾಮುಗಳ ಅಂತರದೊಳಗೆ ಹೊಂದಬೇಕು. ತಕ್ಕಡಿಯಿಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಕೂಡದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಬೋಲ್ಟಿನ ವಿಷಯದಲ್ಲಿ ಮೈಮರೆವು ಇನ್ನೂ ಹೆಚ್ಚು. ಇಂದಿನ ಬಹುತೇಕ ಎಂಜಿನ್ನುಗಳ ರಾಡಿನ ಬೋಲ್ಟು, ಬಿಗಿಯುವಾಗ ತನ್ನ ಮಿತಿಯವರೆಗೂ ಹಿಗ್ಗುವಂತೆ ರಚಿತವಾಗಿದೆ. ಮೊದಲು ಗೊತ್ತಾದ ಬಲಕ್ಕೆ ಬಿಗಿದು, ಅನಂತರ ಗೊತ್ತಾದ ಕೋನದಷ್ಟು ತಿರುಗಿಸುವುದು ಕ್ರಮ. ಒಮ್ಮೆ ಹಿಗ್ಗಿದ ಬೋಲ್ಟನ್ನು ಮತ್ತೆ ಹಿಗ್ಗಿಸಿದರೆ ಅದು ಹಿಡಿತವನ್ನು ಕಳೆದುಕೊಳ್ಳಬಹುದು. ಒಂದು ಟನ್ನಿನ ಎಳೆತಕ್ಕೆ ಎದುರಾಗಿ ನಿಂತಿರುವುದು ಈ ಎರಡು ಬೋಲ್ಟುಗಳೇ. ಇಲ್ಲಿ ಹಳೆಯದನ್ನೇ ಬಳಸಿ ಕೆಲವು ನೂರು ರೂಪಾಯಿ ಉಳಿಸುವುದು ಬಲು ದುಬಾರಿಯ ಉಳಿತಾಯ.

ಇನ್ನು ಪಕ್ಕದ ರಾಡುಗಳ ಮಾತು. ನೀರು ಒಂದೇ ಸಿಲಿಂಡರಿಗೆ ಹೊಕ್ಕಿತೆಂದು ನಂಬುವುದಕ್ಕೆ ಆಧಾರವೇನು? 140 ಮಿಲಿಮೀಟರು ಉದ್ದದ ರಾಡು ನಡುವಿನಲ್ಲಿ 5 ಮಿಲಿಮೀಟರಿನಷ್ಟು ಬಿಲ್ಲಿನಂತೆ ಬಾಗಿದರೆ ಅದರ ಉದ್ದದಲ್ಲಿ ಅರ್ಧ ಮಿಲಿಮೀಟರು ಸಹ ಕಡಿಮೆಯಾಗುವುದಿಲ್ಲ. ಜ್ಯಾಮಿತಿ ಬಲ್ಲ ಹೈಸ್ಕೂಲು ವಿದ್ಯಾರ್ಥಿ ಇದನ್ನು ತಾನೇ ಲೆಕ್ಕಹಾಕಬಹುದು. ಹತ್ತಿದ್ದ ಸಂಪೀಡನದ ಪ್ರಮಾಣ ಒಂಬತ್ತೂವರೆಗಿಂತ ತುಸು ಮೇಲೆಯೇ ನಿಲ್ಲುತ್ತದೆ. ಒತ್ತಡ ಅಳೆಯುವ ಗೇಜು ಇದನ್ನು ಹೇಳದೆ ಹೋಗಬಹುದು, ಎಂಜಿನ್ನು ಚಾಲೂ ಆಗಿ ಓಡಲೂಬಹುದು. ಆದರೆ ಡೊಂಕು ದಂಡವು ಪಿಸ್ಟನ್ನನ್ನು ಓರೆಯಾಗಿ ಒತ್ತುತ್ತ, ಬೇರಿಂಗಿನ ಒಂದು ಅಂಚನ್ನು ಮಾತ್ರ ಸವೆಯಿಸುತ್ತ, ಮುರಿಯುವ ದಿನಕ್ಕಾಗಿ ಕಾದಿರುತ್ತದೆ. ಸಿಲಿಂಡರಿನ ತಲೆಯನ್ನು ಬಿಚ್ಚಿದ ಮೇಲೆ ನಾಲ್ಕು ಪಿಸ್ಟನ್ನುಗಳನ್ನೂ ಒಂದೊಂದಾಗಿ ಮೇಲಿನ ತುದಿಗೆ ತಂದು, ಡಯಲ್ ಗೇಜಿನಿಂದ ಎತ್ತರವನ್ನು ಹೋಲಿಸಿದರೆ ಮಾತ್ರ ಸತ್ಯ ತಿಳಿಯುವುದು. ಈ ಕೆಲಸಕ್ಕೆ ಒಂದು ಗಂಟೆಯೂ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಏಕೆ ಕೆಟ್ಟಿತು ಎಂಬುದು. ಇದಕ್ಕೆ ಉತ್ತರವನ್ನು ಕೆಟ್ಟ ರಾಡೇ ಹೇಳುತ್ತದೆ, ಕೇಳುವವರಿದ್ದರೆ. ದೊಡ್ಡ ತುದಿ ನೀಲಿಗಪ್ಪಾಗಿ, ಚಿಪ್ಪುಗಳು ಕರಗಿದಂತೆ ಒರಸಿಹೋಗಿದ್ದರೆ ಎಣ್ಣೆ ತಲಪಲಿಲ್ಲವೆಂದು ಅರ್ಥ. ಎಣ್ಣೆಯ ಪಂಪನ್ನೂ ಕಾಲುವೆಗಳನ್ನೂ ಶೋಧಿಸದೆ ಹೊಸ ರಾಡು ಹಾಕಿದರೆ ಅದೂ ಅದೇ ದಾರಿ ಹಿಡಿಯುವುದು. ಮುರಿದ ಮುಖದಲ್ಲಿ, ಬೇಸಗೆಯ ಕೆರೆಯಲ್ಲಿ ನೀರು ಇಳಿದಿಳಿದು ದಂಡೆಯ ಮೇಲೆ ಉಳಿಸುವ ಗೆರೆಗಳಂತಹ ಬಾಗುಗೆರೆಗಳಿದ್ದರೆ ಅದು ಬಹುಕಾಲ ನಡೆದ ದಣಿವು. ಆ ಗೆರೆಗಳು ಹುಟ್ಟಿದ ಕಡೆ ಯಾವುದೋ ಗೀರೋ ಸುತ್ತಿಗೆಯ ಗುರುತೋ ಇರುತ್ತದೆ. ಬಣ್ಣಗೆಡದೆ ಬಿಲ್ಲಿನಂತೆ ಬಾಗಿದ್ದರೆ ದ್ರವದ ಪೆಟ್ಟು. ಬಾಗಿದ ರಾಡಿನೊಡನೆ ಕೆಲಕಾಲ ಓಡಿದ ಸಿಲಿಂಡರಿನ ಮೇಲಂಚಿನಲ್ಲಿ ಮಸಿಯ ಪಟ್ಟಿ ಉಳಿದವುಗಳಿಗಿಂತ ಅಗಲವಾಗಿರುತ್ತದೆ, ಏಕೆಂದರೆ ಪಿಸ್ಟನ್ನಿನ ರಿಂಗು ಮೊದಲಿನಷ್ಟು ಎತ್ತರಕ್ಕೆ ಬಂದು ಉಜ್ಜುವುದಿಲ್ಲ. ದ್ರವದ ಪೆಟ್ಟೆಂದ ಮಾತ್ರಕ್ಕೆ ಮಳೆಯ ನೀರೇ ಆಗಬೇಕೆಂಬುದೂ ಇಲ್ಲ. ತಲೆಯ ಗ್ಯಾಸ್ಕೆಟ್ಟು ಸೋರಿ ರೇಡಿಯೇಟರಿನ ನೀರು ರಾತ್ರಿಯೆಲ್ಲ ಸಿಲಿಂಡರಿಗೆ ತೊಟ್ಟಿಕ್ಕಿರಬಹುದು. ಇಂಧನದ ಇಂಜೆಕ್ಟರು ಮುಚ್ಚದೆ ಪೆಟ್ರೋಲೇ ತುಂಬಿರಬಹುದು. ರಸ್ತೆಯಲ್ಲಿ ನೀರನ್ನೇ ಕಾಣದ ಕಾರಿನಲ್ಲಿ ರಾಡು ಬಾಗಿದ್ದರೆ ಮೊದಲು ಇವನ್ನು ಶಂಕಿಸಬೇಕು. ಗ್ಯಾಸ್ಕೆಟ್ಟನ್ನು ನೋಡದೆ ರಾಡನ್ನು ಬದಲಾಯಿಸಿದವನು ಎರಡನೆಯ ರಾಡಿನ ಬೆಲೆಯನ್ನೂ ಈಗಲೇ ತೆಗೆದಿಟ್ಟುಕೊಳ್ಳುವುದು ಮೇಲು.

ಇಡೀ ಎಂಜಿನ್ನನ್ನು ಬದಲಾಯಿಸಿರೆಂಬ ವಾದದಲ್ಲಿ ಸ್ವಲ್ಪ ನ್ಯಾಯವುಂಟು. ಸಿಲಿಂಡರಿನ ಗೋಡೆ ಆಳವಾಗಿ ಗೀರಿದ್ದರೆ, ಕ್ರ್ಯಾಂಕು ಡೊಂಕಾಗಿದ್ದರೆ, ಹಾಗೆಯೇ ಮಾಡಬೇಕಾದೀತು. ಆದರೆ ಅಳೆಯುವುದಕ್ಕೆ ಮುಂಚೆಯೇ ಆ ತೀರ್ಪು ಕೊಡುವುದು ಜ್ವರ ಬಂದವನಿಗೆ ನಾಡಿ ನೋಡದೆ ಶಸ್ತ್ರಚಿಕಿತ್ಸೆ ಹೇಳಿದಂತೆ. ಸಣ್ಣ ಊರಿನ ಗ್ಯಾರೇಜಿನ ಮೇಸ್ತ್ರಿಗೆ ಅಳೆಯುವ ಮನಸ್ಸಿದ್ದರೂ, ಬೇರಿಂಗಿನ ಸಂದು ಎಷ್ಟಿರಬೇಕು, ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬ ಅಂಕಿಗಳು ಅವನ ಕೈಗೆ ಸಿಗುವುದು ಕಷ್ಟ. ಅಂಕಿ ಸಿಗದಿದ್ದರೆ ಅವನು ಅಂದಾಜಿನಿಂದ ಬಿಗಿಯುತ್ತಾನೆ. ಆಮೇಲೆ ಅವನಿಗೆ ಶಾಸ್ತ್ರಜ್ಞಾನವಿಲ್ಲವೆಂದು ಅವನನ್ನೇ ದೂರುತ್ತೇವೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಮತದಾರರು 2012ರಲ್ಲಿ, ಕಾರು ತಯಾರಕರು ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂಬ ಕಾನೂನಿಗೆ ಒಪ್ಪಿಗೆಯಿತ್ತರು. ನಮ್ಮ ಕೇಂದ್ರ ಸರ್ಕಾರವು 2022ರಲ್ಲಿ ಇದೇ ಉದ್ದೇಶದ ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಅಂತರಜಾಲದಲ್ಲಿ ತಾಣವೊಂದನ್ನು ತೆರೆಯಿತು. ಮೋಟಾರು ವಾಹನಗಳೂ ಅದರ ವ್ಯಾಪ್ತಿಗೆ ಸೇರಿವೆ. ತಾಣ ತೆರೆದರೆ ಸಾಲದು. ಎಂಜಿನ್ನನ್ನು ಮಾರುವ ತಯಾರಕರು ಆ ಎಂಜಿನ್ನಿನ ಬಿಗಿತದ ಅಂಕಿಗಳನ್ನೂ ಸಂದಿನ ಅಳತೆಗಳನ್ನೂ, ಸಾಧ್ಯವಾದರೆ ಕನ್ನಡದಲ್ಲಿಯೂ, ಕೇಳಿದವರಿಗೆಲ್ಲ ಕೊಡುವಂತೆ ಕಾನೂನು ಕಡ್ಡಾಯ ಮಾಡಬೇಕೆಂಬುದು ನಮ್ಮ ಒತ್ತಾಯ. ಇದರಲ್ಲಿ ಗುಟ್ಟು ಮಾಡುವಂತಹದು ಏನೂ ಇಲ್ಲ.

ಪಾಲಿಟೆಕ್ನಿಕ್ಕುಗಳ ಪ್ರಯೋಗಶಾಲೆಗಳಲ್ಲಿ ಅಂದವಾಗಿ ಬಣ್ಣ ಬಳಿದು ಕೊಯ್ದಿಟ್ಟ ಎಂಜಿನ್ನುಗಳನ್ನು ನಾವು ನೋಡಿದ್ದೇವೆ. ಅವುಗಳ ಪಕ್ಕದಲ್ಲಿ ಕೆಟ್ಟ ಭಾಗಗಳಿಗೂ ಒಂದು ಬೀರು ಇರಬೇಕು. ಹತ್ತಿರದ ಗ್ಯಾರೇಜಿನಲ್ಲಿ ಗುಜರಿಗೆ ಹಾಕುವ ರಾಡನ್ನು ಕೇಳಿದರೆ ಕೊಡುವವರು ಸಿಕ್ಕೇ ಸಿಗುತ್ತಾರೆ. ತಂದವರು ಅದನ್ನು ಸೀಮೆಎಣ್ಣೆಯಲ್ಲಿ ಮೆಲ್ಲಗೆ ತೊಳೆಯಲಿ. ಮುರಿದ ಮುಖವನ್ನು ತಂತಿಯ ಬ್ರಷ್ಷಿನಿಂದ ಉಜ್ಜದಿರಲಿ, ಎರಡು ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ನೋಡುವ ಆಸೆಯನ್ನೂ ಬಿಡಲಿ, ಏಕೆಂದರೆ ಹಾಗೆ ತಗಲಿಸಿದರೆ ಗೆರೆಗಳು ಅಳಿಸಿಹೋಗುತ್ತವೆ. ತುಕ್ಕು ಹಿಡಿಯದಂತೆ ತೆಳುವಾಗಿ ಎಣ್ಣೆ ಸವರಿ, ಯಾವ ಎಂಜಿನ್ನು, ಎಷ್ಟನೆಯ ಸಿಲಿಂಡರು, ಎಷ್ಟು ಕಿಲೋಮೀಟರು ಓಡಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಕಟ್ಟಲಿ. ಕಾರಣವೆಂಬ ಜಾಗವನ್ನು ಮಾತ್ರ ಖಾಲಿ ಬಿಟ್ಟಿರಲಿ. ಅದನ್ನು ತುಂಬುವ ಕೆಲಸ ಮುಂದಿನ ತರಗತಿಯವರದು.